ರನ್ನರ್ ಎಳೆಯೋಕೆ ಎರಡು ದಿನ ಬೇಕಾ?

ಪ್ರಶ್ನೆ: ಪೀಣ್ಯದ ಒಂದು ಟೂಲ್ ರೂಮಿನಲ್ಲಿ (ಮೋಲ್ಡ್ ತಯಾರಿಸೋ ಕಾರ್ಖಾನೆ) ಡಿಸೈನರ್ ಆಗಿ ಸೇರಿ ಎಂಟು ತಿಂಗಳಾಯಿತು. ಕೆಲಸ ಸಾಲಿಡ್‌ವರ್ಕ್ಸ್ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ. ಎಂಟು ಕ್ಯಾವಿಟಿ (ಪ್ಲಾಸ್ಟಿಕ್ ತುಂಡು ಮೂಡೋ ಗುಳಿ) ಇರೋ ಮೋಲ್ಡ್‌ನ ರನ್ನರ್, ಅಂದರೆ ಕರಗಿದ ಪ್ಲಾಸ್ಟಿಕ್ ಗುಳಿಗಳಿಗೆ ಹರಿಯೋ ಕಾಲುವೆ, ಮುಗಿಸೋಕೆ ಎರಡು ದಿನ ಹಿಡಿಯುತ್ತದೆ. ಗ್ರಾಹಕರು ಒಂದು ಅಳತೆ ಬದಲಿಸಿದರೆ ಮತ್ತೆ ಮೊದಲಿಂದ. ಬೇಗ ಮುಗಿಸೋ ದಾರಿ ಇದೆಯೇ?

ಉತ್ತರ: ನೀವು ಬರೆದಿಲ್ಲ, ಆದರೂ ಊಹಿಸುತ್ತೇನೆ. ರನ್ನರನ್ನು ನೇರವಾಗಿ ಪ್ಲೇಟಿನಲ್ಲೇ ಕಟ್ ಮಾಡುತ್ತಿದ್ದೀರಿ, ಅಲ್ವಾ? ಕವಲಿಗೊಂದು ಸ್ಕೆಚ್, ಕವಲಿಗೊಂದು ಕಟ್. ಮೋಲ್ಡ್‌ನ ಎರಡು ಪ್ಲೇಟಿನಲ್ಲೂ: ಕೋರ್ ಕಡೆ ಒಮ್ಮೆ, ಕ್ಯಾವಿಟಿ ಕಡೆ ಒಮ್ಮೆ.

ನಾನೂ ಹಾಗೇ ಮಾಡುತ್ತಿದ್ದೆ. ಒಮ್ಮೆ ಬಾಟಲಿ ಮುಚ್ಚಳದ ಮೋಲ್ಡ್‌ನಲ್ಲಿ ಕ್ಯಾವಿಟಿಗಳ ನಡುವಿನ ಅಂತರ 45 ಇದ್ದದ್ದು 48 ಎಂಎಂ ಆಯಿತು. ರಾತ್ರಿ ಹತ್ತರವರೆಗೆ ಕೂತು ತಿದ್ದಿದೆ. ಕೋರ್ ಕಡೆಯ ಒಂದೇ ಒಂದು ಕಟ್ ಹಳೇ ಜಾಗದಲ್ಲೇ ಉಳಿದುಹೋಯಿತು. ಮಿಲ್ಲಿಂಗ್ ಮುಗಿದು ಎರಡು ಪ್ಲೇಟ್ ಜೋಡಿಸಿದರೆ ರನ್ನರಿನ ಎರಡು ಅರ್ಧಗಳು ಒಂದಕ್ಕೊಂದು ಕೂಡುತ್ತಲೇ ಇಲ್ಲ! ವೆಲ್ಡ್ ತುಂಬಿಸಿ ಮತ್ತೆ ಕೊರೆಸಬೇಕಾಯಿತು. ಫಿಟ್ಟರ್ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ದಾರಿ ಬದಲಿಸಿದೆ. ಮೊದಲು ಪಾರ್ಟಿಂಗ್ ಲೈನ್ (ಎರಡು ಪ್ಲೇಟ್ ಕೂಡೋ ಜಾಗ) ಮೇಲೆ ಬರೀ ಗೆರೆಗಳು. ಸ್ಪ್ರೂವಿನಿಂದ (ಪ್ಲಾಸ್ಟಿಕ್ ಮೋಲ್ಡ್‌ಗೆ ಇಳಿಯೋ ದಾರಿ) ಗೇಟಿನವರೆಗೆ (ಕ್ಯಾವಿಟಿಯ ಬಾಯಿ), ದಪ್ಪ ಗಿಪ್ಪ ಏನೂ ಬೇಡ. ಕ್ಯಾವಿಟಿ ಅಂತರವನ್ನು ಈಕ್ವೇಶನ್ಸ್‌ನಲ್ಲಿ ಗ್ಲೋಬಲ್ ವೇರಿಯಬಲ್ ಮಾಡಿ, ಗೆರೆಗಳ ಅಳತೆಯನ್ನೆಲ್ಲ ಅದಕ್ಕೇ ಕಟ್ಟಿ. ಮುಂದೆ ಸ್ವೀಪ್, ಅಂದರೆ ಗೆರೆಯುದ್ದಕ್ಕೂ ದಪ್ಪ ತುಂಬಿಸೋ ಆಜ್ಞೆ. ಅದರಲ್ಲಿ ಸರ್ಕ್ಯುಲರ್ ಪ್ರೊಫೈಲ್ ಆರಿಸಿದರೆ ವ್ಯಾಸ ಕೊಟ್ಟರೆ ಸಾಕು, ವೃತ್ತ ಬರೆಯೋ ಕೆಲಸವಿಲ್ಲ. ಮರ್ಜ್ ರಿಸಲ್ಟ್ ಟಿಕ್ ತೆಗೆಯಿರಿ. ಆಗ ರನ್ನರ್ ಬೇರೆಯೇ ಬಾಡಿಯಾಗಿ (ಪ್ಲೇಟಿಗೆ ಅಂಟದ ಪ್ರತ್ಯೇಕ ಘನ), ಮಲಗಿಸಿದ ಮರದ ಹಾಗೆ ನಿಲ್ಲುತ್ತದೆ. ಕೊನೆಯಲ್ಲಿ ಕಂಬೈನ್‌ನಿಂದ ಅದನ್ನೇ ಎರಡೂ ಪ್ಲೇಟಿನಿಂದ ಕಳೆಯಿರಿ. ಮೊದಲೇ ಒಂದು ಕಾಪಿ ಇಟ್ಟುಕೊಳ್ಳಿ, ಕಳೆದ ಬಾಡಿಯನ್ನು ಕಂಬೈನ್ ನುಂಗಿಬಿಡುತ್ತದೆ. ಈಗ 45 ಅನ್ನು 48 ಮಾಡಿ ರೀಬಿಲ್ಡ್ ಒತ್ತಿದರೆ ಎರಡು ಅರ್ಧಗಳೂ ಒಟ್ಟಿಗೇ ಸರಿಯುತ್ತವೆ.

ಅರ್ಧ ಎಳೆದು ಮಿರರ್ ಮಾಡಿದರೆ ಇನ್ನೂ ಬೇಗ. ಆದರೆ ಕ್ಯಾವಿಟಿಯಲ್ಲಿ ಕೊರೆಯೋ ನಂಬರನ್ನು ಮಿರರ್‌ಗೆ ಸೇರಿಸಬೇಡಿ. ಉಲ್ಟಾ ಅಂಕಿ ಬಂದ ಮುಚ್ಚಳಗಳನ್ನು ನಾನು ನೋಡಿದ್ದೇನೆ.

ಸಮಯ ಜಾಸ್ತಿ ತಿನ್ನೋದು ವ್ಯಾಸದ ವಿಷಯದಲ್ಲಿ ಹಿಂದೆ ಮುಂದೆ ನೋಡೋದು. ಅದನ್ನು ಕಂಪ್ಯೂಟರ್ ಮುಂದೆ ಕೂರೋ ಮೊದಲು ಕಾಗದದ ಮೇಲೆ ತೀರ್ಮಾನಿಸಿ. ಒಂದು ಕವಲು ಎರಡಾಗೋ ಕಡೆ, ಹಿಂದಿನದು ಮುಂದಿನದಕ್ಕಿಂತ 1.26 ಪಟ್ಟು ಇರಲಿ. ಗೇಟಿನ ಹತ್ತಿರ 4 ಎಂಎಂ ಅಂದರೆ ಅದರ ಹಿಂದಿನದು 5.04, ಅದಕ್ಕೂ ಹಿಂದಿನದು 6.35. ಇನ್ನು ಕಟರ್ ಕಪಾಟು ತೆರೆದು ನೋಡಿ: 4, 5, 6 ಎಂಎಂ ಬಾಲ್ ನೋಸ್ (ತುದಿ ಗುಂಡಗಿರೋ ಕಟರ್) ಇದೆಯಾ? ಅಷ್ಟೇ ಹಾಕಿ. 6.35 ಅಂತ ಡ್ರಾಯಿಂಗ್‌ನಲ್ಲಿ ಬರೆದರೆ ಮಿಲ್ಲಿಂಗ್‌ನವರು ಫೋನ್ ಮಾಡೇ ಮಾಡುತ್ತಾರೆ. ಹಾಗಂತ ಭಯಕ್ಕೆ ದಪ್ಪ ಮಾಡಲೂಬೇಡಿ. ಅಷ್ಟೇ ಉದ್ದದ 8 ಎಂಎಂ ರನ್ನರ್ ಬದಲು 6 ಎಂಎಂ ಸಾಕಾದರೆ ಅದರಲ್ಲಿ ಹೋಗೋ ಪ್ಲಾಸ್ಟಿಕ್ ಶೇ. 44ರಷ್ಟು ಕಡಿಮೆ, ಪ್ರತಿ ಶಾಟ್‌ನಲ್ಲೂ (ಮೋಲ್ಡ್ ಒಮ್ಮೆ ತುಂಬಿಸೋದು). ಕವಲಿನ ತುದಿಯಲ್ಲಿ ಕೋಲ್ಡ್ ಸ್ಲಗ್‌ಗೆ (ಮುಂದೆ ಬರೋ ತಣ್ಣಗಾದ ಪ್ಲಾಸ್ಟಿಕ್) ವ್ಯಾಸದ ಒಂದೂವರೆ ಪಟ್ಟು ಉದ್ದ ಬಿಡಿ.

ಪ್ರಶ್ನೆ: ಎಚ್ ಆಕಾರದಲ್ಲಿ ಎಂಟೂ ದಾರಿ ಒಂದೇ ಉದ್ದ ಇಟ್ಟಿದ್ದೇವೆ. ಆದರೂ ಒಳಗಿನ ನಾಲ್ಕು ಕ್ಯಾವಿಟಿ ಮೊದಲು ತುಂಬುತ್ತವೆ. ಏಕೆ?

ಉತ್ತರ: ಡ್ರಾಯಿಂಗ್ ತಪ್ಪಿರಲಿಕ್ಕಿಲ್ಲ. ಹರಿಯುವ ಪ್ಲಾಸ್ಟಿಕ್ ರನ್ನರ್ ಗೋಡೆಯ ಪಕ್ಕ ತಿಕ್ಕಾಟಕ್ಕೆ ಜಾಸ್ತಿ ಬಿಸಿಯಾಗಿ ತೆಳುವಾಗುತ್ತದೆ. ಕವಲೊಡೆಯುವಾಗ ಆ ಬಿಸಿ ಪದರ ಸಮನಾಗಿ ಹಂಚಿಕೆಯಾಗದೆ ಒಳಗಿನ ಕಡೆಗೇ ಹೆಚ್ಚು ತಿರುಗುತ್ತದೆ. ಬೇಕಂತಲೇ ಶಾಟ್ ಕಡಿಮೆ ಮಾಡಿ ಹೊಡೆದು, ಎಂಟೂ ತುಂಡುಗಳನ್ನು ಬೇರೆ ಬೇರೆ ತೂಗಿ. ವ್ಯತ್ಯಾಸ ಎಷ್ಟು ಅಂತ ಗೊತ್ತಾದ ಮೇಲೆ ಗೇಟಿಗೆ ಕೈ ಹಾಕಿ.