ತಾರೀಕು ತಪ್ಪುತ್ತಿರುವ ಪ್ರಾಜೆಕ್ಟಿಗೆ ಜನ ಸೇರಿಸಬೇಕೇ?

ಪ್ರಶ್ನೆ: ನಾನು ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆರು ಜನರ ತಂಡವನ್ನು ನೋಡಿಕೊಳ್ಳುತ್ತಿದ್ದೇನೆ. ಪತ್ತಿನ ಸಹಕಾರ ಸಂಘವೊಂದಕ್ಕೆ ಹೊಸ ತಂತ್ರಾಂಶ ಮಾಡಿಕೊಡುವ ಕೆಲಸ ನಮ್ಮದು. ಸದಸ್ಯರ ಹಳೆಯ ಮಾಹಿತಿಯೆಲ್ಲ ನುಡಿ ಫಾಂಟಿನಲ್ಲಿದ್ದು, ಅದನ್ನು ಈಗ ಎಲ್ಲೆಡೆ ಬಳಸುವ ಅಕ್ಷರಸಂಕೇತವಾದ ಯೂನಿಕೋಡ್‌ಗೆ ತರಬೇಕಾಗಿದೆ. ಪ್ರತಿ ಕೆಲಸಕ್ಕೆ ಬೇಕಾಗುವ ದಿನಗಳನ್ನು ಕೂಡಿಸಿಯೇ ತಾರೀಕು ಕೊಟ್ಟಿದ್ದರೂ ಅದು ಎರಡು ಸಲ ತಪ್ಪಿದೆ. ರಿಸ್ಕ್‌ಗಳ ಪಟ್ಟಿಯನ್ನೂ ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದೇನೆ. ಈಗ ಮಾಲೀಕರು, ಇನ್ನೂ ನಾಲ್ವರನ್ನು ಕೊಡುತ್ತೇನೆ, ಎರಡು ತಿಂಗಳಲ್ಲಿ ಮುಗಿಸಿ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ?

ಉತ್ತರ: ನಾಲ್ವರನ್ನು ಈಗ ಸೇರಿಸಿಕೊಳ್ಳಬೇಡಿ. ಐಬಿಎಂ ಕಂಪನಿಯ ಓಎಸ್/360 ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯ ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ ಅವರು, ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು 1975ರಲ್ಲೇ ಬರೆದರು. ಹೊಸಬರಿಗೆ ಕೆಲಸ ಕಲಿಸಬೇಕಾದವರು ಹಳಬರೇ. ಕಲಿಸುವಷ್ಟು ದಿನ ಅವರ ಸ್ವಂತ ಕೆಲಸ ನಿಲ್ಲುತ್ತದೆ. ಜೊತೆಗೆ, ಆರು ಜನರ ನಡುವೆ 15 ಜೋಡಿಗಳು ಮಾತುಕತೆ ನಡೆಸಿದರೆ ಸಾಕಾಗುವಲ್ಲಿ ಹತ್ತು ಜನರಾದಾಗ ಆ ಸಂಖ್ಯೆ 45ಕ್ಕೆ ಏರುತ್ತದೆ. ಪರೀಕ್ಷೆ ಮಾಡಿ ನೋಡುವಂತಹ, ಬಿಡಿಬಿಡಿಯಾಗಿ ಹಂಚಬಹುದಾದ ಕೆಲಸವಿದ್ದರೆ ಒಬ್ಬರನ್ನು ಕೇಳಿ ಪಡೆಯಿರಿ, ಅಷ್ಟು ಸಾಕು.

ತಾರೀಕು ತಪ್ಪಿದ್ದಕ್ಕೆ ನಿಮ್ಮ ಕೂಡಿಸುವ ಕ್ರಮವೂ ಒಂದು ಕಾರಣ. ಒಂದು ಕೆಲಸ ಎಲ್ಲವೂ ಸರಿಹೋದರೆ 4 ದಿನ, ಸಾಮಾನ್ಯವಾಗಿ 6 ದಿನ, ಕೆಟ್ಟರೆ 20 ದಿನ ಹಿಡಿಯಬಹುದು ಎಂದುಕೊಳ್ಳಿ. ನಾವು ಪಟ್ಟಿಯಲ್ಲಿ ಬರೆಯುವುದು 6. ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ 1950ರ ದಶಕದ ಕೊನೆಯಲ್ಲಿ ರೂಪಿಸಿದ ‘ಪರ್ಟ್’ ಪದ್ಧತಿಯಂತೆ ಸಾಮಾನ್ಯ ಅಂದಾಜನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ 8 ಬರುತ್ತದೆ. ಕೆಲಸ ಬೇಗ ಮುಗಿದರೆ ಉಳಿಯುವುದು ಎರಡು ದಿನ, ಕೆಟ್ಟರೆ ಹೋಗುವುದು ಹದಿನಾಲ್ಕು ದಿನ ಎಂಬುದನ್ನು ನಿಮ್ಮ 6 ಹೇಳುವುದಿಲ್ಲ. ಇಂತಹ ಮೂವತ್ತು ಕೆಲಸಗಳನ್ನು ಕೂಡಿಸಿದಾಗ ಕೊರತೆ ಎಷ್ಟಾಗುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನುಡಿ ಫಾಂಟಿನ ಮಾತು. ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಶೇಖರವಾಗಿರುತ್ತವೆ. ‘ಧರ್ಮಪ್ಪ’ ಎಂಬ ಹೆಸರಿನಲ್ಲಿ ಅರ್ಕಾವತ್ತು ಮಕಾರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡದಿದ್ದರೆ ಹೆಸರು ಕೆಡುತ್ತದೆ, ಆಮೇಲೆ ಸರಿಯಾದ ಹೆಸರಿನಿಂದ ಹುಡುಕಿದರೂ ಸದಸ್ಯರ ಖಾತೆ ಸಿಗುವುದಿಲ್ಲ. ಗುಮಾಸ್ತರು ಕೆಲವು ವರ್ಷ ಬೇರೆ ಫಾಂಟನ್ನು ಬಳಸಿದ್ದರಂತೂ ಒಂದೇ ಪಟ್ಟಿಯೊಳಗೆ ಎರಡು ಬಗೆಯ ಸಂಕೇತಗಳು ಬೆರೆತಿರುತ್ತವೆ. ಇದು ನಿಮ್ಮ ಎಕ್ಸೆಲ್‌ನಲ್ಲಿ ‘ಡೇಟಾ ವರ್ಗಾವಣೆ – ಮಧ್ಯಮ’ ಎಂಬ ಒಂದು ಸಾಲಾಗಿ, ವೇಳಾಪಟ್ಟಿಯಲ್ಲಿ ಕೊನೆಯ ವಾರದ ಕೆಲಸವಾಗಿ ಇದೆಯೆಂದು ನನ್ನ ಊಹೆ. (ತಪ್ಪಾಗಿದ್ದರೆ ಕ್ಷಮಿಸಿ, ಹೆಚ್ಚಿನ ಕಡೆ ನಾನು ಕಂಡದ್ದು ಹಾಗೆಯೇ.)

ಅದನ್ನು ಮೊದಲ ವಾರಕ್ಕೆ ತನ್ನಿ. ಬೇರೆ ಬೇರೆ ವರ್ಷಗಳಿಂದ ಐನೂರು ಸದಸ್ಯರ ದಾಖಲೆಗಳನ್ನು ಆರಿಸಿ, ಪರಿವರ್ತಿಸಿ, ಸಂಘದ ಗುಮಾಸ್ತರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಲೆಡ್ಜರಿನೊಂದಿಗೆ ತಾಳೆ ನೋಡಿ. ಎಷ್ಟು ಹೆಸರುಗಳನ್ನು ಕೈಯಿಂದ ತಿದ್ದಬೇಕಾಗುತ್ತದೆ ಎಂಬುದು ಆಗ ತಿಳಿಯುತ್ತದೆ. ಅದು ತಿಳಿಯುವವರೆಗೆ ನೀವು ಕೊಡುವ ಯಾವ ತಾರೀಕಿಗೂ ಆಧಾರವಿಲ್ಲ. ಸದಸ್ಯರಿಗೆ ಎಸ್‌ಎಂಎಸ್ ಕಳಿಸುವ ವ್ಯವಸ್ಥೆಯೂ ಇದ್ದರೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಸಂದೇಶದ ಮಾದರಿಗಳನ್ನು ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಾಯಿಸುವ ಅರ್ಜಿಯನ್ನು ಇಂದೇ ಹಾಕಿಸಿ, ಏಕೆಂದರೆ ಆ ಒಪ್ಪಿಗೆ ನಿಮ್ಮ ಕೈಯಲ್ಲಿಲ್ಲ.

ಮಾಲೀಕರಿಗೆ ಎರಡು ತಿಂಗಳ ಮಾತು ಕೊಡುವ ಬದಲು ಎರಡು ವಾರಗಳ ಕಾಲಾವಕಾಶ ಕೇಳಿ, ಆ ಐನೂರು ದಾಖಲೆಗಳ ಫಲಿತಾಂಶವನ್ನು ಅವರ ಮುಂದಿಟ್ಟು, ಒಂದು ತಾರೀಕಿನ ಬದಲು ‘ಇಷ್ಟರಿಂದ ಇಷ್ಟರೊಳಗೆ’ ಎಂಬ ಅವಧಿಯನ್ನು ಹೇಳಿ.