ಡ್ರೈವರ್ ಇಲ್ಲದ ಕಾರು ಬಂದರೆ ರಸ್ತೆ ಹಗುರಾಗುತ್ತದೆಯೇ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ನಗರ ಸಾರಿಗೆ ಲೇಖನ ಓದಿ ನೀವು ಬರೆದ ಪತ್ರ ಕೈ ಸೇರಿತು. ಬೇರೆ ಓದುಗರಿಗೂ ತಿಳಿಯಲೆಂದು ಅದರ ಸಾರವನ್ನು ಇಲ್ಲಿ ಹೇಳುತ್ತೇವೆ. ಜನ ಗಾಡಿಯನ್ನು ಅಡ್ಡಾದಿಡ್ಡಿ ಓಡಿಸುವುದರಿಂದಲೇ ಟ್ರಾಫಿಕ್ ಜಾಮ್ ಆಗುತ್ತದೆ, ತಾನೇ ಓಡುವ ಕಾರು ಬಂದರೆ ಜಾಮೂ ಇರುವುದಿಲ್ಲ, ಅಪಘಾತವೂ ಇರುವುದಿಲ್ಲ, ಹಾಗಿರುವಾಗ ಬಸ್ ಲೇನ್, ಫುಟ್‌ಪಾತ್ ಅಂತ ಸುಮ್ನೆ ದುಡ್ಡು ಸುರಿಯುವುದೇಕೆ ಎಂದು ಕೇಳಿದ್ದೀರಿ. ಕೊನೆಗೆ ಇನ್ನೊಂದು ಮಾತು ಬರೆದಿದ್ದೀರಿ. ಕತ್ತಲಾದ ಮೇಲೆ ನಿಮಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಸಂಜೆ ಎಲ್ಲಿಗೆ ಹೋಗಬೇಕೆಂದರೂ ಮಗನ ಮುಖ ನೋಡಬೇಕು, ಅಂಥ ಕಾರು ಬಂದರೆ ಯಾರ ಹಂಗೂ ಇಲ್ಲದೆ ಓಡಾಡಬಹುದು ಎಂದು. ಈ ಮಾತು ನಮ್ಮನ್ನು ತಟ್ಟಿತು. ಅದಕ್ಕೇ ಎರಡು ಸಾಲಿನಲ್ಲಿ ಮುಗಿಸದೆ ವಿವರವಾಗಿ ಉತ್ತರಿಸುತ್ತಿದ್ದೇವೆ.

ಮೊದಲಿಗೆ, ನಿಮ್ಮ ಅರ್ಧ ಮಾತು ನಿಜ. 2008ರಲ್ಲಿ ಜಪಾನಿನ ವಿಜ್ಞಾನಿಗಳು ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಬಿಟ್ಟು, ಎಲ್ಲರೂ ಒಂದೇ ವೇಗದಲ್ಲಿ ಸುತ್ತಿ ಎಂದರು. ಸಿಗ್ನಲ್ ಇಲ್ಲ, ತಿರುವು ಇಲ್ಲ, ಗುಂಡಿ ಇಲ್ಲ. ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಯಾರೋ ಒಬ್ಬರು ಚೂರು ನಿಧಾನ ಮಾಡಿದರೆ ಹಿಂದಿನವರು ಇನ್ನಷ್ಟು ಬ್ರೇಕ್ ಒತ್ತಿದರು, ಅವರ ಹಿಂದಿನವರು ಮತ್ತೂ ಜಾಸ್ತಿ. ಕೊನೆಗೆ ಕೆಲವು ಕಾರುಗಳು ಪೂರ್ತಿ ನಿಂತೇಬಿಟ್ಟವು. ಕಾರುಗಳು ಮುಂದಕ್ಕೆ ಹೋಗುತ್ತಿದ್ದರೂ ಆ ಜಾಮ್ ಮಾತ್ರ ಅಲೆಯಂತೆ ಹಿಂದಕ್ಕೆ ಸರಿಯುತ್ತಾ ಹೋಯಿತು. ರಸ್ತೆಯಲ್ಲಿ ಎಷ್ಟೋ ಸಲ ಹೀಗೆಯೇ ಆಗುತ್ತದೆ ಅಲ್ವಾ? ಹತ್ತು ನಿಮಿಷ ಕಾದು ಮುಂದೆ ಹೋಗಿ ನೋಡಿದರೆ ಅಲ್ಲಿ ಏನೂ ಇರುವುದಿಲ್ಲ.

ಕೆಲವು ವರ್ಷಗಳ ನಂತರ ಅಮೆರಿಕದ ಅರಿಜೋನಾದಲ್ಲಿ ಇದೇ ಆಟವನ್ನು ಮತ್ತೆ ಆಡಿಸಿದರು. ಈ ಸಲ ಸುಮಾರು 20 ಕಾರುಗಳ ನಡುವೆ ಒಂದರ ವೇಗವನ್ನು ಕಂಪ್ಯೂಟರಿನ ಕೈಗೆ ಕೊಟ್ಟಿದ್ದರು. ಅದು ಮುಂದಿನ ಕಾರಿನ ಬೆನ್ನು ಹತ್ತದೆ, ನಡುವೆ ಜಾಗ ಬಿಟ್ಟು, ಸಮವಾದ ವೇಗದಲ್ಲಿ ಹೋಯಿತು. ಆ ಒಂದೇ ಕಾರಿನಿಂದ ಅಲೆ ಕರಗಿತು. ಇಂಧನವೂ ಸಾಕಷ್ಟು ಉಳಿಯಿತು. ಅಂದರೆ ಎಲ್ಲ ಕಾರುಗಳೂ ಬದಲಾಗುವ ತನಕ ಕಾಯಬೇಕಿಲ್ಲ, ಕೆಲವೇ ಕಾರುಗಳು ತಾಳ್ಮೆಯಿಂದ ಓಡಿದರೂ ಲಾಭವಿದೆ. ಸಂಶೋಧನೆ ಕೊಟ್ಟಿರುವ ನಿಜವಾದ ಭರವಸೆ ಇದು.

ಆದರೆ ಆ ವೃತ್ತದಲ್ಲಿ ಒಂದು ಅನುಕೂಲವಿತ್ತು. ಹೊಸದಾಗಿ ಯಾರೂ ಒಳಗೆ ಬರುವಂತಿರಲಿಲ್ಲ. ಕಾರುಗಳ ಸಂಖ್ಯೆ ಮೊದಲೇ ಗೊತ್ತು ಮಾಡಿದ್ದು. ನಗರದ ರಸ್ತೆ ಹಾಗಲ್ಲ. ಪ್ರಯಾಣ ಸುಲಭವಾದಷ್ಟೂ ಪ್ರಯಾಣಿಸುವವರು ಹೆಚ್ಚುತ್ತಾರೆ. ಅಮೆರಿಕದ ನಗರಗಳ ಅಂಕಿಅಂಶ ಹಿಡಿದು ಅರ್ಥಶಾಸ್ತ್ರಜ್ಞರಾದ ಡ್ಯುರಾಂಟನ್ ಮತ್ತು ಟರ್ನರ್ 2011ರಲ್ಲಿ ತೋರಿಸಿದ್ದು ಇದನ್ನೇ: ಹೆದ್ದಾರಿಯ ಉದ್ದಗಲ ಎಷ್ಟು ಹೆಚ್ಚಿತೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿತು. ರಸ್ತೆ ಅಗಲವಾದರೆ ಹೀಗೆ. ಇನ್ನು ಸ್ಟೀರಿಂಗ್ ಹಿಡಿಯುವ ಕಷ್ಟವೇ ಇಲ್ಲದೆ ಹೋದರೆ?

ಇದನ್ನು ಮೊದಲೇ ಅಳೆಯಲು ಕ್ಯಾಲಿಫೋರ್ನಿಯಾದ ಸಂಶೋಧಕರು ಒಳ್ಳೆಯ ಉಪಾಯ ಹುಡುಕಿದರು. ತಾನೇ ಓಡುವ ಕಾರು ಇನ್ನೂ ಜನರ ಮನೆಗೆ ಬಂದಿಲ್ಲ, ಸರಿ. ಹಾಗಾದರೆ ಅವರ ಸ್ವಂತ ಕಾರಿಗೇ ಪುಕ್ಕಟೆಯಾಗಿ ಒಬ್ಬ ಡ್ರೈವರನ್ನು ಕೊಟ್ಟು ನೋಡೋಣ! ಮಾಲೀಕರು ಒಳಗೆ ಕೂತಿರಲೇಬೇಕೆಂದಿಲ್ಲ. ಮಕ್ಕಳನ್ನು ಕರೆತರಲು, ಸಾಮಾನು ತರಲು ಕಾರನ್ನಷ್ಟೇ ಕಳಿಸಬಹುದು. 2018ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಒಟ್ಟು 13 ಮಂದಿಗೆ ಒಂದು ವಾರ ಈ ಸೌಲಭ್ಯ ಸಿಕ್ಕಿತು. ಆ ವಾರ ಅವರ ಕಾರುಗಳ ಓಟ ಶೇ. 83ರಷ್ಟು ಹೆಚ್ಚಿತು. ಪ್ರಯೋಗ ಸಣ್ಣದು, ಒಪ್ಪಿದೆವು. ಆಮೇಲೆ ಸ್ಯಾಕ್ರಮೆಂಟೊದಲ್ಲಿ 43 ಮನೆಗಳೊಂದಿಗೆ ಇದನ್ನೇ ಮಾಡಿದಾಗ ಓಟ ಶೇ. 60ರಷ್ಟು ಏರಿತು. ಏರಿದ್ದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು, ಒಳಗೆ ಮಾಲೀಕರಾಗಲಿ ಮನೆಯವರಾಗಲಿ ಯಾರೂ ಇಲ್ಲದ ಓಟ. ಬಸ್ಸು, ರೈಲು ಹತ್ತುವುದನ್ನು ಅವರು ಬಹುಮಟ್ಟಿಗೆ ಬಿಟ್ಟೇಬಿಟ್ಟರು.

ಈ ಅಂಕಿಗಳನ್ನು ಕೇಳಿ ಕೆಲವರು, ನೋಡಿ, ಇದೆಲ್ಲ ಅನಾಹುತ ಎಂದು ಒಂದೇ ಏಟಿಗೆ ತಳ್ಳಿಹಾಕುತ್ತಾರೆ. ನಾವು ಹಾಗೆ ಹೇಳುವುದಿಲ್ಲ. ಆ ಪ್ರಯೋಗದಲ್ಲಿ ನಿವೃತ್ತರೂ ಇದ್ದರು. ಕತ್ತಲಾದ ಮೇಲಿನ ಓಡಾಟ ಎದ್ದು ಕಾಣುವಷ್ಟು ಹೆಚ್ಚಿತ್ತು. ಮನೆಯಲ್ಲೇ ಉಳಿಯುತ್ತಿದ್ದವರು ಹೊರಗೆ ಬಂದರೆ ಅದು ನಷ್ಟದ ಲೆಕ್ಕವಲ್ಲ. ನಿಮ್ಮಂಥವರ ಸಂಜೆಯ ಪ್ರಯಾಣವನ್ನೂ ಖಾಲಿ ಕಾರಿನ ಸುತ್ತಾಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ನಮಗೆ ಭಯವಿರುವುದು ಆ ಖಾಲಿ ಕಾರಿನ ಬಗ್ಗೆ. ಆಡಂ ಮಿಲರ್ಡ್-ಬಾಲ್ ಎಂಬ ಸಂಶೋಧಕರು 2019ರಲ್ಲಿ ಅದರ ಲೆಕ್ಕಾಚಾರವನ್ನು ಬಿಡಿಸಿಟ್ಟರು. ನಗರದ ಮಧ್ಯದಲ್ಲಿ ಪಾರ್ಕಿಂಗ್ ದುಬಾರಿ. ನಿಮ್ಮನ್ನು ಇಳಿಸಿದ ಕಾರು ನಿಂತರೆ ಗಂಟೆಗಿಷ್ಟು ಅಂತ ತೆರಬೇಕು. ಸುಮ್ನೆ ಸುತ್ತುತ್ತಿದ್ದರೆ ಅದಕ್ಕಿಂತ ಕಡಿಮೆ ಖರ್ಚು. ಅದರಲ್ಲೂ ನಿಧಾನವಾಗಿ ಹೋದಷ್ಟು ಉಳಿತಾಯ ಹೆಚ್ಚು, ಯಾಕೆಂದರೆ ಒಂದು ಗಂಟೆಯಲ್ಲಿ ಓಡುವ ದೂರ ಕಡಿಮೆಯಾಗುತ್ತದೆ. ಹಾಗಾಗಿ ಜಾಮ್ ಇರುವ ರಸ್ತೆಯನ್ನೇ ಅದು ಹುಡುಕಿಕೊಂಡು ಹೋಗಬಹುದು. ಮನುಷ್ಯರಿಗೆ ಜಾಮ್ ಅಂದರೆ ಕಿರಿಕಿರಿ. ಯಾರೂ ಇಲ್ಲದ ಕಾರಿಗೆ ಅದೇ ಅಗ್ಗದ ತಂಗುದಾಣ! ಪರಿಹಾರವೂ ಇದೆ, ಕಷ್ಟದ್ದೇನಲ್ಲ: ರಸ್ತೆ ಬಳಸಿದ್ದಕ್ಕೆ ಶುಲ್ಕ, ಅದರಲ್ಲೂ ರಸ್ತೆಯಲ್ಲಿ ಕಳೆದ ಹೊತ್ತಿಗೆ ತಕ್ಕಂತೆ ಶುಲ್ಕ. ಆದರೆ ಅಂಥ ಕಾರುಗಳು ಸಾವಿರಗಟ್ಟಲೆ ಬರುವ ಮುಂಚೆಯೇ ಅದನ್ನು ತರಬೇಕು. ಪುಕ್ಕಟೆ ಸಿಗುತ್ತಿದ್ದದ್ದಕ್ಕೆ ಆಮೇಲೆ ಬೆಲೆ ಕಟ್ಟುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಬಸ್ಸು, ಮೆಟ್ರೋ ಬೇಕೇ ಎಂಬ ಪ್ರಶ್ನೆಗೆ ಪೋರ್ಚುಗಲ್ಲಿನ ಲಿಸ್ಬನ್ ನಗರದ ಮೇಲೆ 2015ರಲ್ಲಿ ನಡೆದ ಒಂದು ಲೆಕ್ಕ ನೇರ ಉತ್ತರ ಕೊಡುತ್ತದೆ. ಅಂತಾರಾಷ್ಟ್ರೀಯ ಸಾರಿಗೆ ವೇದಿಕೆಯ ತಂಡ ಅಲ್ಲಿನ ಜನರ ಒಂದು ದಿನದ ಓಡಾಟವನ್ನೆಲ್ಲ ಕಂಪ್ಯೂಟರಿಗೆ ಹಾಕಿತು. ತಾನೇ ಓಡುವ ಕಾರನ್ನು ಹಲವರು ಒಟ್ಟಿಗೆ ಹಂಚಿಕೊಂಡು, ಮೆಟ್ರೋ ಕೂಡ ಇದ್ದರೆ, ಈಗಿರುವ ಕಾರುಗಳ ಹತ್ತನೇ ಒಂದು ಭಾಗ ಸಾಕು ಎಂದಾಯಿತು. ಅದೇ ಕಾರಿನಲ್ಲಿ ಒಂದು ಸಲಕ್ಕೆ ಒಬ್ಬರೇ ಹೋಗಿ, ಮೆಟ್ರೋವನ್ನೂ ತೆಗೆದುಹಾಕಿದರೆ, ರಸ್ತೆಯ ಮೇಲಿನ ಓಟ ಹೆಚ್ಚುಕಡಿಮೆ ದುಪ್ಪಟ್ಟು. ತಂತ್ರಜ್ಞಾನ ಎರಡೂ ಕಡೆ ಒಂದೇ. ಒಳಗೆ ಎಷ್ಟು ಜನ ಕೂತಿದ್ದಾರೆ ಅನ್ನುವುದರ ಮೇಲೆ ನಗರದ ಗತಿ ನಿಂತಿದೆ. ಸ್ಟೀರಿಂಗ್ ಹಿಡಿದವರು ಮನುಷ್ಯರೋ ಕಂಪ್ಯೂಟರೋ ಅನ್ನುವುದು ರಸ್ತೆಗೆ ಎರಡನೆಯ ಮಾತು.

ಇನ್ನು ಅಪಘಾತ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನ ರಸ್ತೆಗಳಲ್ಲಿ ಸತ್ತವರು ಸುಮಾರು 11.9 ಲಕ್ಷ. ಅರ್ಧಕ್ಕಿಂತ ಹೆಚ್ಚು ಮಂದಿ ನಡೆಯುವವರು, ಸೈಕಲ್ಲಿನವರು, ಬೈಕಿನವರು. ಕುಡಿಯದ, ನಿದ್ದೆಗೆಡದ, ಫೋನು ನೋಡದ ಯಂತ್ರ ಇವರಲ್ಲಿ ಕೆಲವರನ್ನಾದರೂ ಉಳಿಸಿದರೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ಒಳಗೆ ಕೂತು ನೋಡಿಕೊಳ್ಳುವ ಮೇಲ್ವಿಚಾರಕರೇ ಇಲ್ಲದ, ತಾನೇ ಓಡುವ ಟ್ಯಾಕ್ಸಿಯನ್ನು ಅಮೆರಿಕದ ವೇಮೊ ಕಂಪನಿ 2020ರಲ್ಲೇ ಅರಿಜೋನಾದ ಫೀನಿಕ್ಸ್ ಪ್ರದೇಶದಲ್ಲಿ ಸಾರ್ವಜನಿಕರಿಗೆ ತೆರೆಯಿತು. ಗಾಯವಾಗುವಂಥ ಅಪಘಾತಗಳು ಮನುಷ್ಯರಿಗಿಂತ ಕಡಿಮೆ ಎಂದು ಅವರ ಸಂಶೋಧಕರು ಪ್ರಕಟಿಸಿದ್ದಾರೆ. ನಾವು ಅದನ್ನು ಗೌರವದಿಂದಲೇ ಓದುತ್ತೇವೆ. ಆದರೆ ಅವು ನಕ್ಷೆ ಮಾಡಿಟ್ಟ ಗೊತ್ತಾದ ಪ್ರದೇಶದೊಳಗಿನ ಓಟ. ಎಲ್ಲಿ ಬೇಕಾದರೂ, ಎಂಥ ಮಳೆಯಲ್ಲೂ ಓಡುವ ಕಾರು ಇನ್ನೂ ಬಂದಿಲ್ಲ.

ಜೊತೆಗೆ 2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪಿ ನಗರದಲ್ಲಿ ನಡೆದದ್ದನ್ನು ಮರೆಯಬಾರದು. ರಾತ್ರಿ ಹೊತ್ತು ಒಬ್ಬ ಮಹಿಳೆ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ತಾನೇ ಓಡುತ್ತಿದ್ದ ಉಬರ್‌ನ ಪರೀಕ್ಷಾ ಕಾರು ಗುದ್ದಿತು, ಅವರು ತೀರಿಕೊಂಡರು. ಸೆನ್ಸರಿಗೆ ಅವರು ಕಾಣಲಿಲ್ಲವೇ? ಕಂಡಿದ್ದರು, ಗುದ್ದುವುದಕ್ಕೆ 5.6 ಸೆಕೆಂಡ್ ಮುಂಚೆಯೇ. ಆದರೆ ಕಂಪ್ಯೂಟರ್ ಅವರನ್ನು ಒಮ್ಮೆ ವಾಹನ ಎಂದಿತು, ಒಮ್ಮೆ ಬೇರೇನೋ ಎಂದಿತು, ಒಮ್ಮೆ ಸೈಕಲ್ ಎಂದಿತು. ಪ್ರತಿ ಸಲ ಹೆಸರು ಬದಲಿಸಿದಾಗಲೂ ಅವರು ಎತ್ತ ಸಾಗುತ್ತಿದ್ದಾರೆಂಬ ಹಿಂದಿನ ಲೆಕ್ಕವನ್ನು ಕೈಬಿಟ್ಟಿತು. ಜೀಬ್ರಾ ಪಟ್ಟೆ ಇಲ್ಲದ ಕಡೆಯೂ ಜನ ದಾಟುತ್ತಾರೆ ಎಂಬ ವಿಚಾರವೇ ಆ ವ್ಯವಸ್ಥೆಯಲ್ಲಿ ಇರಲಿಲ್ಲ ಎಂದು ಅಮೆರಿಕದ ತನಿಖಾ ಮಂಡಳಿ ಹೇಳಿತು. ಒಳಗಿದ್ದ ಮೇಲ್ವಿಚಾರಕಿ ರಸ್ತೆ ಬಿಟ್ಟು ಫೋನಿನ ಕಡೆ ನೋಡುತ್ತಿದ್ದರು. ಕಾರಿನ ಕಣ್ಣು ಸರಿಯಿತ್ತು, ಜನ ಹೇಗೆ ನಡೆಯುತ್ತಾರೆಂಬ ತಿಳಿವಳಿಕೆ ಇರಲಿಲ್ಲ. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಅದಕ್ಕೇ ಫುಟ್‌ಪಾತಿನ ವಿಷಯದಲ್ಲಿ ನಿಮ್ಮ ಮಾತನ್ನು ನಾವು ಒಪ್ಪುವುದಿಲ್ಲ. ನಡೆಯುವವರಿಗೆ ಸರಿಯಾದ ಜಾಗ, ದಾಟಲು ಸರಿಯಾದ ಪಟ್ಟೆ, ಒಳ್ಳೆಯ ಬೀದಿದೀಪ ಇದ್ದ ಕಡೆ ಯಂತ್ರಕ್ಕೂ ಗೊಂದಲ ಕಡಿಮೆ. ಇನ್ನೊಂದು ಅಪಾಯವೂ ಇದೆ. ಮುಂದೆ ಕಾರು ಯಾವಾಗಲೂ ನಿಂತೇ ನಿಲ್ಲುತ್ತದೆ ಎಂದು ಗೊತ್ತಾದರೆ ಜನ ಧೈರ್ಯವಾಗಿ ಅಡ್ಡ ಬರುತ್ತಾರೆ, ಕಾರು ನಿಂತೂ ನಿಂತೂ ಹೋಗಬೇಕಾಗುತ್ತದೆ. ಆಗ ಕಾರು ಓಡಲಿ ಅಂತ ರಸ್ತೆಗೆ ಬೇಲಿ ಹಾಕಿ, ನಡೆಯುವವರನ್ನು ಆಚೆ ತಳ್ಳುವ ಒತ್ತಡ ಬರಬಹುದು. ಫುಟ್‌ಪಾತು, ಜೀಬ್ರಾ ಪಟ್ಟೆಗಳು ಈಗಲೇ ಗಟ್ಟಿಯಾಗಿದ್ದರೆ ಆ ಜಾಗವನ್ನು ಕಿತ್ತುಕೊಳ್ಳುವುದು ಕಷ್ಟ. ನಿಮ್ಮ ವಿಷಯವನ್ನೇ ತೆಗೆದುಕೊಳ್ಳಿ. ಕಾರು ನಿಮ್ಮನ್ನು ರಸ್ತೆ ಬದಿಯಲ್ಲಿ ಇಳಿಸುತ್ತದೆ. ಅಲ್ಲಿಂದ ಬಾಗಿಲ ತನಕ ಕತ್ತಲಲ್ಲಿ ನಡೆಯಬೇಕಾದವರು ನೀವೇ.

ಹಾಗಾದರೆ ನೀವು ಎಷ್ಟು ವರ್ಷ ಕಾಯಬೇಕು? ಕಾಯಲೇಬೇಕಿಲ್ಲ ಎನ್ನುವುದು ನಮ್ಮ ವಾದ. ಫೋನು ಮಾಡಿದರೆ ಮನೆ ಬಾಗಿಲಿಗೆ ಬಂದು, ದಾರಿಯಲ್ಲಿ ಇನ್ನೂ ಮೂರ್ನಾಲ್ಕು ಜನರನ್ನು ಹತ್ತಿಸಿಕೊಂಡು ಹೋಗುವ ಸಣ್ಣ ವ್ಯಾನುಗಳನ್ನು ಇವತ್ತೇ ಓಡಿಸಬಹುದು, ಡ್ರೈವರ್ ಇಟ್ಟುಕೊಂಡೇ. ಮುಂದೆ ಯಂತ್ರ ಪಕ್ವವಾದಾಗ ಅದೇ ವ್ಯಾನಿಗೆ ಅದನ್ನು ಕೂರಿಸಿದರಾಯಿತು. ಆಗ ತಂತ್ರಜ್ಞಾನ ಬರುವ ಹೊತ್ತಿಗೆ ಹಂಚಿಕೊಂಡು ಹೋಗುವ ರೂಢಿ ಜನರಲ್ಲಿ ಆಗಲೇ ಇರುತ್ತದೆ.

ಮುಂದಿನ ಸಂಚಿಕೆಗಳಲ್ಲಿ ಈ ಬಗೆಯ ಸಾರಿಗೆಯ ಬಗ್ಗೆಯೇ ಬರೆಯಬೇಕೆಂದಿದ್ದೇವೆ. ಸಂಜೆ ಹೊರಡುವಾಗ ನಿಮಗೆ ನಿಜವಾಗಿ ಎಲ್ಲಿ ತೊಡಕಾಗುತ್ತದೆ, ಗೇಟಿನಿಂದ ರಸ್ತೆಯ ತನಕವೋ, ದಾಟುವಾಗಲೋ, ಹತ್ತಿ ಇಳಿಯುವಾಗಲೋ, ದಯವಿಟ್ಟು ವಿವರವಾಗಿ ಬರೆದು ಕಳಿಸಿ. ಇಂಥದ್ದೇ ತೊಂದರೆ ಇರುವ ಬೇರೆ ಓದುಗರೂ ಬರೆಯಬಹುದು.

— ಸಂಪಾದಕರು