ಚಿಕ್ಕದಾದರೆ ಸಾಲದು

ಪ್ರಶ್ನೆ: ಔಷಧ ಹೊತ್ತ ನ್ಯಾನೊ ಕಣಗಳು ಜೀವಕೋಶದೊಳಗೆ ಹೋಗಲು ಪೆಪ್ಟೈಡ್ (ಪ್ರೋಟೀನಿನ ಪುಟ್ಟ ತುಣುಕು) ಅಂಟಿಸುತ್ತಾರಂತೆ. ಅಷ್ಟು ಚಿಕ್ಕ ಕಣ ತಾನೇ ನುಗ್ಗಲ್ವಾ ಸರ್?
- ಬಿ.ಎಸ್ಸಿ. ವಿದ್ಯಾರ್ಥಿನಿ, ಕೋಲಾರ

ಉತ್ತರ: ಕೆಲವು ಹೋಗುತ್ತವಮ್ಮಾ, ಆದರೆ ಸಾಕಾಗುವಷ್ಟು ಅಲ್ಲ. ಕೋಶದ ಪೊರೆಯ ಹೊರಮೈಯಲ್ಲಿ ಋಣ ವಿದ್ಯುತ್ತು ಇರುತ್ತದೆ. ಅರ್ಜಿನೈನ್, ಲೈಸಿನ್ ಎಂಬ ಅಮೈನೊ ಆಮ್ಲಗಳು ಜಾಸ್ತಿ ಇರುವ ಪೆಪ್ಟೈಡ್‌ನಲ್ಲಿ ಧನ ವಿದ್ಯುತ್ತು, ಹಾಗಾಗಿ ಅದು ಪೊರೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಪೊರೆ ಒಳಕ್ಕೆ ಮಡಚಿಕೊಂಡು ಕಣವನ್ನೂ ಸೇರಿಸಿ ನುಂಗಿಬಿಡುತ್ತದೆ. ಈ ದಾರಿ ತೋರಿಸಿದ್ದು ಎಚ್‌ಐವಿ! ಅದರ ಟ್ಯಾಟ್ ಪ್ರೋಟೀನ್ ತಾನಾಗಿಯೇ ಕೋಶದೊಳಗೆ ಹೋಗುತ್ತದೆ ಎಂದು 1988ರಲ್ಲಿ ಗೊತ್ತಾಯಿತು. ಬಳಸುವುದು ಅದರ ಪುಟ್ಟ ತುಣುಕು ಮಾತ್ರ, ಅದರಿಂದ ಏಡ್ಸ್ ಬರುವುದಿಲ್ಲ, ಹೆದರಬೇಡಿ.

ನಿಜವಾದ ಕಷ್ಟ ಒಳಗೆ ಹೋದ ಮೇಲೆ. ನುಂಗಿದ ಕಣಗಳು ಬಹುಪಾಲು ಎಂಡೋಸೋಮ್ ಎಂಬ ಚೀಲದಲ್ಲೇ ಸಿಕ್ಕಿಬೀಳುತ್ತವೆ, ಅಲ್ಲಿಂದ ಬಿಡಿಸದಿದ್ದರೆ ಔಷಧ ಸುಮ್ನೆ ಹಾಳು. ಜೊತೆಗೆ ಟ್ಯಾಟ್‌ಗೆ ಕ್ಯಾನ್ಸರ್ ಕೋಶ ಯಾವುದು, ಒಳ್ಳೆಯ ಕೋಶ ಯಾವುದು ಅಂತ ತಿಳಿಯುವುದಿಲ್ಲ.